ಬುತ್ತಿ ತಂದವಳ ಊಟದ ಲೆಕ್ಕ

ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು 2020ರ ಮಾರ್ಚ್‌ನಲ್ಲಿ, ಕಲಬುರಗಿಯ ಹೆಸರಿನಲ್ಲಿ. ಅದೇ ತಿಂಗಳ ಕೊನೆಗೆ ಕೇಂದ್ರದ ಆಯುಷ್ ಸಚಿವಾಲಯ ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಲು ಮನೆಯಲ್ಲೇ ಏನೇನು ಮಾಡಬಹುದೆಂದು ಸೂಚನೆ ಹೊರಡಿಸಿತು. ಬೆಳಿಗ್ಗೆ 10 ಗ್ರಾಂ ಚ್ಯವನಪ್ರಾಶ, ಅರಿಸಿನ ಹಾಕಿದ ಹಾಲು, ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಒಣಶುಂಠಿಯ ಕಷಾಯ. ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಿನ ಮೆಡಿಕಲ್ ಅಂಗಡಿಗಳಲ್ಲಿ ‘ಇಮ್ಯುನಿಟಿ’ ಎಂಬ ಮಾತು ಇಂಗ್ಲಿಷ್ ಬಾರದವರ ಬಾಯಲ್ಲೂ ಓಡಾಡತೊಡಗಿತು. ಆ ಗದ್ದಲ ಅಡಗಿತು. ಅದರ ಹಿಂದಿದ್ದ ತಿಳಿವಳಿಕೆ ಮಾತ್ರ ಉಳಿದುಕೊಂಡಿತು. ರೋಗ ತಡೆಯುವ ಶಕ್ತಿ ಅವರವರ ಮೈಯೊಳಗಿನ ಸ್ವಂತ ಆಸ್ತಿ, ಅದನ್ನು ದುಡ್ಡು ಕೊಟ್ಟು ಕೊಳ್ಳಬಹುದು, ಚಮಚದಲ್ಲಿ ಅಳೆದು ಕುಡಿಯಬಹುದು ಎಂಬ ತಿಳಿವಳಿಕೆ ಅದು.

ನನ್ನ ತಕರಾರು ಅದರ ಮೇಲೆ. ಒಬ್ಬರ ರೋಗನಿರೋಧಕ ಶಕ್ತಿಯ ಒಂದು ಪಾಲು ಅವರ ಸುತ್ತಲಿನವರ ಕೈಯಲ್ಲಿದೆ ಎನ್ನಲು ಈಗ ಸಾಕಷ್ಟು ಪುರಾವೆಗಳಿವೆ. ಹಾಗೆಂದು, ‘ಇದನ್ನೆಲ್ಲ ನಮ್ಮ ಹಿರಿಯರು ಮೊದಲೇ ಬಲ್ಲರು, ನಮ್ಮ ಮನೆತನಗಳಲ್ಲಿ ಇದು ಇದ್ದೇ ಇದೆ’ ಎಂದು ಬೀಗುವವರ ಮಾತನ್ನೂ ನಾನು ಒಪ್ಪಲಾರೆ. ಆಸರೆ ಸಿಕ್ಕವರ ಮೈಗೆ ಬಲ ಬರುತ್ತದೆ, ನಿಜ. ಆಸರೆ ಕೊಡುವವರ ಮೈಯಿಂದ ಅಷ್ಟೇ ಸದ್ದಿಲ್ಲದೆ ಬಲ ಸೋರಿಹೋಗುತ್ತಿರುತ್ತದೆ. ಈ ಎರಡನೆಯ ಲೆಕ್ಕವನ್ನು ಮನೆಯವರೂ ಇಟ್ಟಿಲ್ಲ, ಸರಕಾರವೂ ಇಟ್ಟಿಲ್ಲ.

ಮೊದಲ ಲೆಕ್ಕವನ್ನೇ ಮೊದಲು ನೋಡೋಣ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಮನೋವಿಜ್ಞಾನಿ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು ಒಂದು ಪ್ರಯೋಗ ನಡೆಸಿ 1997ರಲ್ಲಿ ಪ್ರಕಟಿಸಿದರು. 18ರಿಂದ 55 ವಯಸ್ಸಿನ 276 ಮಂದಿ ಆರೋಗ್ಯವಂತರು ತಾವಾಗಿ ಒಪ್ಪಿ ಬಂದಿದ್ದರು. ನೆಗಡಿಯ ವೈರಾಣು ಇದ್ದ ಹನಿಯನ್ನು ಅವರ ಮೂಗಿಗೆ ಬಿಟ್ಟು, ಹೊರಗಿನವರ ಸಂಪರ್ಕವಿಲ್ಲದಂತೆ ಇಟ್ಟು, ಯಾರಿಗೆ ನೆಗಡಿ ಆಗುತ್ತದೆ ಎಂದು ಕಾದು ನೋಡಿದರು. ಅದಕ್ಕೂ ಮೊದಲು ಪ್ರತಿಯೊಬ್ಬರನ್ನೂ ಒಂದು ಪ್ರಶ್ನೆ ಕೇಳಿದ್ದರು. ಎರಡು ವಾರಕ್ಕೊಮ್ಮೆಯಾದರೂ ನೀವು ಮಾತಾಡುವ ಜನ ಯಾರು ಯಾರು? ಗಂಡ ಅಥವಾ ಹೆಂಡತಿ, ತಂದೆತಾಯಿ, ಅತ್ತೆಮಾವ, ಮಕ್ಕಳು, ನೆಂಟರು, ನೆರೆಮನೆಯವರು, ಗೆಳೆಯರು, ಜೊತೆಗೆ ಓದುವವರು, ಕೂಡಿ ದುಡಿಯುವವರು, ಪ್ರಾರ್ಥನೆಗೆ ಸೇರುವವರು, ಸಂಘದವರು ಎಂದು ಒಟ್ಟು 12 ಬಗೆಯ ಸಂಬಂಧಗಳ ಪಟ್ಟಿ ಅದು. ಆರು ಅಥವಾ ಅದಕ್ಕಿಂತ ಹೆಚ್ಚು ಬಗೆಯ ಸಂಬಂಧ ಇದ್ದವರಿಗಿಂತ, ಮೂರು ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ನೆಗಡಿ ಆಗುವ ಸಂಭವ ನಾಲ್ಕು ಪಟ್ಟಿಗೂ ಮೀರಿತ್ತು. ಸಿಗರೇಟು, ನಿದ್ದೆ, ವ್ಯಾಯಾಮ ಇವುಗಳ ವ್ಯತ್ಯಾಸವನ್ನು ಕಳೆದು ನೋಡಿದರೂ ಆ ಅಂತರ ಪೂರ್ತಿ ಅಳಿಸಿಹೋಗಲಿಲ್ಲ.

ಇಲ್ಲಿ ಎಣಿಸಿದ್ದು ಜನರ ಸಂಖ್ಯೆಯನ್ನಲ್ಲ, ಸಂಬಂಧಗಳ ಬಗೆಯನ್ನು. ನಮ್ಮ ಜಿಲ್ಲೆಯ ಕಮಲಾಪುರದ ಕಡೆಯ ಒಂದು ಹಳ್ಳಿಯ ಹೆಣ್ಣುಮಗಳನ್ನು ಕಣ್ಮುಂದೆ ತಂದುಕೊಳ್ಳಿ. ಅವಳು ಒಬ್ಬರಿಗೆ ಸೊಸೆ, ಇನ್ನೊಬ್ಬರಿಗೆ ಅವ್ವ, ಓಣಿಯವರಿಗೆ ಅಕ್ಕ. ವಾರಕ್ಕೊಮ್ಮೆ ಸಂಘದ ಸಭೆಗೆ ಹೋಗುತ್ತಾಳೆ, ಉದ್ಯೋಗ ಖಾತ್ರಿಯ ಕೆಲಸದಲ್ಲಿ ಹತ್ತಾರು ಹೆಂಗಸರ ಜೊತೆ ಬುಟ್ಟಿ ಹೊರುತ್ತಾಳೆ, ಸೋಮವಾರ ಭಜನೆಗೆ ಕೂಡುತ್ತಾಳೆ. ಎಳ್ಳ ಅಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಬಡಿಸಿಕೊಂಡು ಕೂತಾಗ ಅವಳ ಪಂಕ್ತಿಯಲ್ಲಿ ಮನೆಯವರಿಗಿಂತ ಹೊರಗಿನವರೇ ಹೆಚ್ಚು. ಕೋಹೆನ್‌ರ ಪಟ್ಟಿ ಹಿಡಿದರೆ ಏಳೆಂಟು ಬಗೆ ಸುಲಭವಾಗಿ ತುಂಬುತ್ತದೆ. ಅದೇ ಹೆಣ್ಣುಮಗಳು ಗಂಡನ ಜೊತೆ ಪುಣೆಗೋ ಬೆಂಗಳೂರಿಗೋ ದುಡಿಯಲು ಹೋದಳೆನ್ನಿ. ಕಟ್ಟುತ್ತಿರುವ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಗಂಡ, ಮಕ್ಕಳು, ಮೇಸ್ತ್ರಿ ಬಿಟ್ಟರೆ ಮಾತಿಗೆ ಮತ್ತಾರೂ ಇರುವುದಿಲ್ಲ. ಜನಜಂಗುಳಿಯ ನಡುವೆಯೇ ಅವಳ ಪಟ್ಟಿ ಮೂರಕ್ಕೆ ಇಳಿಯುತ್ತದೆ. ಇತ್ತ ಹಳ್ಳಿಯಲ್ಲಿ ಉಳಿದ ಮುದುಕರ ಪಟ್ಟಿಯೂ ಅಷ್ಟಕ್ಕಷ್ಟೆ. ಗುಳೆ ಹೋಗುವವರ ಕೂಲಿ ಎಷ್ಟು, ಸಾಲ ಎಷ್ಟು ಎಂದು ಬರೆದವರು ಬೇಕಾದಷ್ಟಿದ್ದಾರೆ. ಅವರು ಊರಲ್ಲಿ ಬಿಟ್ಟುಹೋದ ಸಂಬಂಧಗಳನ್ನು ಆರೋಗ್ಯದ ನಷ್ಟವೆಂದು ಎಣಿಸಿದವರು ವಿರಳ.

ಒಂಟಿತನ ರಕ್ತಕ್ಕೆ ಹೇಗೆ ಇಳಿಯುತ್ತದೆ ಎಂಬುದು ಈಗ ಬಿಡಿಸಲಾಗದ ಒಗಟಲ್ಲ. ಹೆದರಿಕೆ ಅಥವಾ ಚಿಂತೆ ಹಿಡಿದಾಗ ಮಿದುಳಿನ ಆಜ್ಞೆಯಂತೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನು ಬಿಡುತ್ತವೆ. ಬಿಳಿ ರಕ್ತಕಣಗಳ ಒಳಗೆ ಈ ಹಾರ್ಮೋನನ್ನು ಗುರುತಿಸುವ ಗ್ರಾಹಕಗಳಿವೆ. ‘ಉರಿಯೂತ ಸಾಕು, ನಿಲ್ಲಿಸು’ ಎಂಬ ಸಂದೇಶ ಅವಕ್ಕೆ ತಲುಪುವುದು ಆ ದಾರಿಯಲ್ಲೇ. ಚಿಂತೆ ತಿಂಗಳುಗಟ್ಟಲೆ ಮುಂದುವರಿದರೆ ಕಣಗಳು ಆ ಸಂದೇಶಕ್ಕೆ ಮರಗಟ್ಟುತ್ತವೆ. ಉರಿಯೂತ ಹತೋಟಿ ತಪ್ಪುತ್ತದೆ. ದುಗ್ಧಗ್ರಂಥಿಗಳವರೆಗೂ ನರಗಳು ಹರಡಿಕೊಂಡಿರುವುದರಿಂದ ಮನಸ್ಸಿನ ಒತ್ತಡ ಅಲ್ಲಿಗೂ ನೇರವಾಗಿ ಮುಟ್ಟುತ್ತದೆ. ಸ್ಟೀವ್ ಕೋಲ್ ಮತ್ತು ಸಂಗಡಿಗರು 2007ರಲ್ಲಿ, ಬಹುಕಾಲ ಒಂಟಿತನ ಅನುಭವಿಸಿದವರ ಬಿಳಿ ರಕ್ತಕಣಗಳನ್ನು ಪರೀಕ್ಷಿಸಿ ವರದಿ ಮಾಡಿದರು. ಉರಿಯೂತಕ್ಕೆ ಕಾರಣವಾಗುವ ವಂಶವಾಹಿಗಳು ಅವರಲ್ಲಿ ಹೆಚ್ಚು ಚುರುಕಾಗಿದ್ದವು. ವೈರಾಣುಗಳನ್ನು ಎದುರಿಸುವ ವಂಶವಾಹಿಗಳು ಮಂಕಾಗಿದ್ದವು. ಪರೀಕ್ಷೆಗೆ ಒಳಪಟ್ಟವರು 14 ಮಂದಿ ಮಾತ್ರ ಎಂಬುದನ್ನೂ ಹೇಳಬೇಕು.

ಇಷ್ಟು ಓದಿ, ಪ್ರೀತಿಯೊಂದಿದ್ದರೆ ಎಲ್ಲ ರೋಗ ವಾಸಿ ಎಂದು ಹೊರಡುವುದು ಅಪಾಯ. 1989ರಲ್ಲಿ ಡೇವಿಡ್ ಸ್ಪೀಗಲ್ ಎಂಬ ಮನೋವೈದ್ಯರ ಅಧ್ಯಯನ, ದೇಹದ ಬೇರೆ ಭಾಗಗಳಿಗೂ ಹರಡಿದ್ದ ಸ್ತನ ಕ್ಯಾನ್ಸರಿನ ಮಹಿಳೆಯರು ವಾರಕ್ಕೊಮ್ಮೆ ಕೂಡಿ ಕಷ್ಟಸುಖ ಹಂಚಿಕೊಂಡರೆ ಹೆಚ್ಚು ಕಾಲ ಬದುಕುತ್ತಾರೆ ಎಂದು ತೋರಿಸಿ ಜಗತ್ತಿನ ಗಮನ ಸೆಳೆಯಿತು. ಅದರಲ್ಲಿದ್ದವರು 86 ಮಂದಿ. 2001ರಲ್ಲಿ ಕೆನಡಾದಲ್ಲಿ 235 ಮಹಿಳೆಯರ ಮೇಲೆ ಇನ್ನೂ ಕಟ್ಟುನಿಟ್ಟಾದ ಅಧ್ಯಯನ ಪ್ರಕಟವಾಯಿತು. ಗುಂಪಿನಲ್ಲಿ ಕೂಡಿದವರ ಮನಸ್ಸಿನ ಬೇಗುದಿ, ನೋವು ಇಳಿದವು. ಆಯುಷ್ಯ ಮಾತ್ರ ಹೆಚ್ಚಲಿಲ್ಲ. ಕ್ಯಾನ್ಸರಿನ ಗಡ್ಡೆಗೆ ಔಷಧವೇ ಬೇಕು, ಶಸ್ತ್ರಚಿಕಿತ್ಸೆಯೇ ಬೇಕು. ಆಸರೆಯ ಮೇಲೆ ಹೊರಲಾರದ ಭಾರ ಹಾಕಿದರೆ ಕೊನೆಗೆ, ‘ನೀನು ಸರಿಯಾಗಿ ನೋಡಿಕೊಂಡಿದ್ದರೆ ಅವನು ಉಳಿಯುತ್ತಿದ್ದ’ ಎಂಬ ಮಾತು ಯಾವಳೋ ಒಬ್ಬಳ ತಲೆಗೆ ಬಂದು ಬೀಳುತ್ತದೆ.

ಹಾಗಾದರೆ ಆಸರೆಯ ಕೆಲಸ ಗಟ್ಟಿಯಾಗಿ ಕಾಣುವುದು ಎಲ್ಲಿ? ನಮ್ಮ ಜಿಲ್ಲೆಗೆ ಹತ್ತಿರದ ಉತ್ತರ ಟಿ.ಬಿ.ಯಲ್ಲಿದೆ. ಕ್ಷಯದ ರೋಗಾಣು ಉಸಿರಿನೊಡನೆ ಒಳಹೊಕ್ಕ ಮಾತ್ರಕ್ಕೆ ರೋಗ ಬರುವುದಿಲ್ಲ. ಶ್ವಾಸಕೋಶದ ರಕ್ಷಕ ಕಣಗಳು ಅದನ್ನು ಸುತ್ತುಗಟ್ಟಿ ಕೂಡಿಹಾಕುತ್ತವೆ. ಆ ಸೆರೆಯೊಳಗೆ ಅದು ಹತ್ತಾರು ವರ್ಷ ಸಾಯದೆ ಮಲಗಿರಬಲ್ಲದು. ಜಗತ್ತಿನ ಸುಮಾರು ಕಾಲುಭಾಗ ಜನರ ಮೈಯಲ್ಲಿ ಹೀಗೆ ಸೋಂಕು ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಜೀವಮಾನದಲ್ಲಿ ರೋಗಿಗಳಾಗುವವರು ನೂರಕ್ಕೆ ಐದರಿಂದ ಹತ್ತು ಮಂದಿ. ಕಾವಲು ಸಡಿಲಾದಾಗ ರೋಗಾಣು ಎದ್ದು ಬರುತ್ತದೆ. ಸಡಿಲಾಗಲು ಎಚ್ಐವಿ, ಸಕ್ಕರೆ ಕಾಯಿಲೆ, ಕುಡಿತ, ಶಹಾಬಾದ ಕಲ್ಲಿನಂಥ ಗಣಿಗಳಲ್ಲಿ ದುಡಿಯುವವರ ಎದೆಗೆ ಸೇರುವ ದೂಳು, ಹೀಗೆ ಕಾರಣ ಹಲವು. ಭಾರತದಲ್ಲಿ ಎಲ್ಲಕ್ಕಿಂತ ದೊಡ್ಡ ಕಾರಣ ಹೊಟ್ಟೆಗೆ ಸಾಲದಿರುವುದು. ಟಿ.ಬಿ.ಗೆ ಆರು ತಿಂಗಳ ಗುಳಿಗೆ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಕಾವಲಿನ ಕಣಗಳಿಗೆ ಬೇಕಾದ ಊಟ ಮನೆಯಲ್ಲೇ ಸಿಗಬೇಕು.

ಈ ಊಟವನ್ನೇ ಔಷಧದಂತೆ ಅಳೆದು ನೋಡಿದವರು ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ. 2019ರಲ್ಲಿ ಝಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ಅವರ ತಂಡ ಶುರು ಮಾಡಿದ ಅಧ್ಯಯನದಲ್ಲಿ 2,800 ರೋಗಿಗಳೂ ಅವರ ಮನೆಗಳ 10,345 ಜನರೂ ಇದ್ದರು. ರೋಗಿಗಳೆಲ್ಲರಿಗೂ ತಿಂಗಳಿಗೆ 10 ಕಿಲೋ ಆಹಾರದ ಪೊಟ್ಟಣ ಕೊಟ್ಟರು. ವ್ಯತ್ಯಾಸ ಮಾಡಿದ್ದು ಮನೆಯವರ ವಿಷಯದಲ್ಲಿ. ಅರ್ಧ ಕಡೆ ಮನೆಯ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ಜೀವಸತ್ವದ ಗುಳಿಗೆ ಹೋಯಿತು. ಇನ್ನರ್ಧ ಕಡೆ ಹೋಗಲಿಲ್ಲ. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪಡಿ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿ.ಬಿ. ಬಂದವರ ಪ್ರಮಾಣ ಶೇ 39ರಷ್ಟು ಕಡಿಮೆಯಿತ್ತು. ಇತರರಿಗೆ ಹರಡಬಲ್ಲ ಶ್ವಾಸಕೋಶದ ಟಿ.ಬಿ.ಯಲ್ಲಿ ಇಳಿಕೆ ಶೇ 48.

ಇದು ಅಕ್ಕಿಬೇಳೆಯ ಕಥೆ, ಆಸರೆಯದಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟೆ. ಈ ಪ್ರಯೋಗ ಕಾಪಾಡಿದ್ದು ಯಾರನ್ನು? ರೋಗಿಯ ಕಫದ ಬಟ್ಟಲು ತೊಳೆಯುವವಳನ್ನು, ರಾತ್ರಿ ಕೆಮ್ಮಿದಾಗ ಎದ್ದು ನೀರು ಕೊಡುವವನನ್ನು, ಒಂದೇ ಕೋಣೆಯಲ್ಲಿ ಮಲಗುವ ಮಕ್ಕಳನ್ನು. ಅಂದರೆ ಆಸರೆ ಕೊಡುವವರನ್ನು. ಮನೆಯೊಂದರಲ್ಲಿ ಗಂಡನಿಗೆ ಟಿ.ಬಿ. ಬಂದಾಗ ಆಗುವುದೇನು ಎಂಬುದನ್ನು ನಮ್ಮ ಕಡೆಯ ಯಾವ ಆಶಾ ಕಾರ್ಯಕರ್ತೆಯಾದರೂ ಹೇಳಬಲ್ಲರು. ದುಡಿಮೆ ನಿಲ್ಲುತ್ತದೆ. ಇದ್ದ ಹಾಲು, ತತ್ತಿ, ಬೇಳೆ ರೋಗಿಯ ತಾಟಿಗೆ ಹೋಗುತ್ತದೆ, ಉಳಿದದ್ದು ಮಕ್ಕಳಿಗೆ. ಎಲ್ಲರದೂ ಆದ ಮೇಲೆ ಒಂದು ರೊಟ್ಟಿ, ಹಸಿ ಉಳ್ಳಾಗಡ್ಡಿ, ಚಟಾಕು ಹಿಂಡಿಯಲ್ಲಿ ಹೆಂಡತಿಯ ಊಟ ಮುಗಿಯುತ್ತದೆ. ರೋಗಾಣುವಿಗೆ ಅತಿ ಹತ್ತಿರ ಇರುವವಳೂ ಅವಳೇ, ಕಡಿಮೆ ಉಣ್ಣುವವಳೂ ಅವಳೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಅವಳು ಈ ಕೆಲಸಕ್ಕೆ ಇಳಿಯುವುದೇ ಸೋತ ಮೈಯಲ್ಲಿ.

ಊಟ ಸರಿಯಿದ್ದರೂ ಆರೈಕೆಯ ಭಾರ ಮೈ ಮುಕ್ಕುತ್ತದೆ. ಅಮೆರಿಕದ ಓಹಾಯೋದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ 1995ರಲ್ಲಿ ಪ್ರಕಟಿಸಿದ ಅಧ್ಯಯನ ಚಿಕ್ಕದು, ಆದರೆ ಮರೆಯಲಾಗದ್ದು. ಮರೆಗುಳಿ ಕಾಯಿಲೆಯ ನೆಂಟರನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರು ಮತ್ತು ಅದೇ ವಯಸ್ಸಿನ, ಅಂಥ ಹೊಣೆಯಿಲ್ಲದ 13 ಮಹಿಳೆಯರ ಮುಂಗೈ ಮೇಲೆ 3.5 ಮಿ.ಮೀ. ಅಳತೆಯ ಒಂದೇ ಬಗೆಯ ಗಾಯ ಮಾಡಿ, ಮಾಯುವ ದಿನಗಳನ್ನು ಎಣಿಸಿದರು. ಆರೈಕೆ ಮಾಡುವವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಹಿಡಿಯಿತು. ಮರುವರ್ಷ ಅದೇ ತಂಡ ಫ್ಲೂ ಲಸಿಕೆ ಕೊಟ್ಟು ನೋಡಿದಾಗ, ಆರೈಕೆ ಮಾಡುವವರ ರಕ್ತದಲ್ಲಿ ಪ್ರತಿಕಾಯಗಳು ಉಳಿದವರಿಗಿಂತ ಎದ್ದು ಕಾಣುವಷ್ಟು ಕಡಿಮೆ ಹುಟ್ಟಿದ್ದವು. ಬೇರೊಬ್ಬರ ಜೀವ ಹಿಡಿದು ನಿಂತವರಿಗೆ ಲಸಿಕೆಯೂ ಪೂರಾ ಫಲ ಕೊಡಲಿಲ್ಲ ಎಂದಾಯಿತು.

ಕಲಬುರಗಿಯ ಯಾವುದೇ ದೊಡ್ಡ ಆಸ್ಪತ್ರೆಯ ಅಂಗಳದಲ್ಲಿ ಬೆಳಿಗ್ಗೆ ಒಂದು ಗಳಿಗೆ ನಿಂತರೆ ಈ ಅಧ್ಯಯನದ ಅರ್ಥ ಕಣ್ಣಿಗೇ ಕಾಣುತ್ತದೆ. ಕಮಲಾಪುರ, ಮಹಾಗಾಂವ ಕಡೆಯ ಬಸ್ಸಿಳಿದ ಹೆಂಗಸರು ಅರಿವೆಯಲ್ಲಿ ಕಟ್ಟಿದ ಬುತ್ತಿ ಹಿಡಿದು ಬರುತ್ತಾರೆ. ಜೋಳದ ರೊಟ್ಟಿ, ಪುಂಡಿಪಲ್ಯ, ಬಾಟಲಿಯಲ್ಲಿ ಮಜ್ಜಿಗೆ. ಒಳಗೆ ರೋಗಿ ಉಣ್ಣುವವರೆಗೆ ಮಂಚದ ಕಾಲಬದಿ ಕೂತಿರುತ್ತಾರೆ. ‘ಯವ್ವಾ, ನೀ ಉಂಡೀ?’ ಎಂದು ನರ್ಸಮ್ಮ ಕೇಳಿದರೆ, ‘ಆಮ್ಯಾಗ ಉಂತೀನ್ರಿ ಅಕ್ಕೋರ’ ಎಂಬುದು ಸಿದ್ಧ ಉತ್ತರ. ರಾತ್ರಿ ನಿಲ್ಲುವವರು ಕಾರಿಡಾರಿನಲ್ಲಿ ಚಾದರ ಹಾಸಿಕೊಂಡು, ಚಪ್ಪಲಿಯನ್ನು ತಲೆದಿಂಬಿನಡಿ ಇಟ್ಟುಕೊಂಡು ಒರಗುತ್ತಾರೆ. ಏಪ್ರಿಲ್-ಮೇ ತಿಂಗಳ ಸೆಖೆಯಲ್ಲಿ ಅಲ್ಲಿ ನಿದ್ದೆ ಬರುವುದು ಬೆಳಗಿನ ಜಾವಕ್ಕೆ. ರೋಗಿಯ ಜ್ವರ, ಬಿ.ಪಿ., ಉಂಡ ಊಟ, ಕುಡಿದ ನೀರು ಎಲ್ಲವೂ ಕಾಗದದ ಮೇಲೆ ಏರುತ್ತದೆ. ಬುತ್ತಿ ತಂದವಳ ಬಗ್ಗೆ ಒಂದು ಸಾಲೂ ಎಲ್ಲೂ ಇರುವುದಿಲ್ಲ.

ಇಲ್ಲಿ ಕೇಳಿಬರುವ ಮೊದಲ ಆಕ್ಷೇಪ ಕೂಡುಕುಟುಂಬದ್ದು. ಅಮೆರಿಕದವರಿಗೆ ಯಾರೂ ಇಲ್ಲ, ಅವರ ಒಂಟಿತನದ ಸಂಶೋಧನೆ ಅವರಿಗಿರಲಿ, ನಮ್ಮಲ್ಲಿ ಮನೆ ತುಂಬ ಜನ ಎಂಬ ವಾದ. ಮನೆ ತುಂಬ ಜನ ಇದ್ದರೆ ಆಸರೆ ಇದೆ ಎಂದಲ್ಲ. ಕೀಕೋಲ್ಟ್-ಗ್ಲೇಸರ್ ಅವರದೇ 2005ರ ಇನ್ನೊಂದು ಅಧ್ಯಯನದಲ್ಲಿ 42 ದಂಪತಿಗಳ ಚರ್ಮದ ಮೇಲೆ ಸಣ್ಣ ಗುಳ್ಳೆಗಾಯ ಮಾಡಿ ನೋಡಿದಾಗ, ಒಬ್ಬರ ಮೇಲೊಬ್ಬರು ಕಿಡಿಕಾರುವ ಜೋಡಿಗಳಲ್ಲಿ ಗಾಯ ಮಾಯುವ ವೇಗ ಉಳಿದವರ ಶೇ 60ರಷ್ಟೇ ಇತ್ತು. ಮನೆಯಲ್ಲಿ ದಿನಬೆಳಗಾದರೆ ಮೂದಲಿಕೆ ಕೇಳುವ ಸೊಸೆಗೆ ಅತ್ತೆ, ಮಾವ, ನಾದಿನಿ ಎಂಬ ಸಂಬಂಧಗಳು ಇದ್ದೂ ಪ್ರಯೋಜನವಿಲ್ಲ. ಟಿ.ಬಿ. ಬಂದ ಹೆಣ್ಣುಮಗಳನ್ನು ತವರಿಗೆ ಕಳಿಸಿ ಕೈತೊಳೆದುಕೊಳ್ಳುವ ಮನೆಗಳೂ ಕೂಡುಕುಟುಂಬಗಳೇ. ಗಂಡಿಗೆ ಬಂದರೆ ಹೆಂಡತಿ ಆರೈಕೆಗೆ ನಿಲ್ಲುತ್ತಾಳೆ. ಅವಳಿಗೆ ಬಂದರೆ ನಿಲ್ಲುವವರು ಯಾರು ಎಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಉತ್ತರ ಬರುವುದು ಅವಳ ತಾಯಿ ಎಂದೇ. ಆಸರೆ ಕೂಡುಕುಟುಂಬದ ಗುಣವಾಗಿದ್ದರೆ ಅದು ಹೀಗೆ ಒಂದೇ ದಿಕ್ಕಿಗೆ ಹರಿಯುತ್ತಿರಲಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಒಡನಾಟವೇ ರೋಗ ಹರಡುವ ದಾರಿಯೂ ಹೌದಲ್ಲವೇ? ಕೋವಿಡ್ ಕಾಲದಲ್ಲಿ ಜಾತ್ರೆ, ಉರುಸು, ಮದುವೆ ಎಲ್ಲ ನಿಂತದ್ದು ಅದಕ್ಕೇ. ಮಾತು ನಿಜ. ಆದರೆ ಆಗ ಕಲಿಯಬೇಕಾಗಿದ್ದ ಪಾಠ ಬೇರೆ. ಮೈಯಿಂದ ದೂರ ಇರಬೇಕಾದ ದಿನಗಳಲ್ಲೂ ಬಾಗಿಲಿಗೆ ಊಟ ಇಟ್ಟು ಹೋಗಬಹುದಿತ್ತು, ದೂರದಿಂದ ಕೂಗಿ ಮಾತಾಡಿಸಬಹುದಿತ್ತು; ಕೆಲವರು ಹಾಗೆ ಮಾಡಿದರು ಕೂಡ. 2020ರ ಮೇ ತಿಂಗಳಲ್ಲಿ ಮುಂಬೈ, ಪುಣೆಗಳಿಂದ ಮರಳಿದ ಕೂಲಿಕಾರರು ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಆದಾಗ ಊರವರಲ್ಲಿ ಬುತ್ತಿ ಕಳಿಸಿದವರೂ ಇದ್ದರು, ಬೇಲಿ ಹಚ್ಚಿದವರೂ ಇದ್ದರು. ರೋಗಾಣುವಿನಿಂದ ಅಂತರ ಕಾಯ್ದುಕೊಳ್ಳುವುದು ವೈದ್ಯಶಾಸ್ತ್ರ. ಮನುಷ್ಯನನ್ನೇ ಹೊರಗಿಡುವುದಕ್ಕೆ ಯಾವ ಶಾಸ್ತ್ರದ ಆಧಾರವೂ ಇಲ್ಲ. ಟಿ.ಬಿ.ಯಲ್ಲಂತೂ ಸರಿಯಾದ ಗುಳಿಗೆ ಶುರುವಾದ ಕೆಲವೇ ವಾರಗಳಲ್ಲಿ ಹರಡುವ ಭಯ ಬಹಳಷ್ಟು ಇಳಿಯುತ್ತದೆ. ತಾಟು, ಲೋಟ ಬೇರೆ ಇಡುವ ಪದ್ಧತಿ ಮಾತ್ರ ವರ್ಷ ಕಳೆದರೂ ಇಳಿಯುವುದಿಲ್ಲ.

ಈಗಿರುವ ಸರಕಾರಿ ವ್ಯವಸ್ಥೆ ರೋಗಿಯನ್ನು ಕಂಡಿದೆ, ಮನೆಯನ್ನು ಅರ್ಧ ಕಂಡಿದೆ. ನಿಕ್ಷಯ ಪೋಷಣ್ ಯೋಜನೆಯಲ್ಲಿ ಟಿ.ಬಿ. ರೋಗಿಗೆ 2018ರಿಂದ ತಿಂಗಳಿಗೆ 500 ರೂಪಾಯಿ ಸಿಗುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ಆಗಿದೆ. 2022ರಲ್ಲಿ ಶುರುವಾದ ನಿಕ್ಷಯ ಮಿತ್ರ ಎಂಬ ಏರ್ಪಾಟಿನಲ್ಲಿ ದಾನಿಗಳು ಆಹಾರದ ಕಿಟ್ ಕೊಡುತ್ತಾರೆ. ಈಚೆಗೆ ಮನೆಯವರನ್ನೂ ಅದರೊಳಗೆ ಸೇರಿಸಲಾಗಿದೆ. ಒಳ್ಳೆಯದೇ. ಆದರೆ ದಾನಿಯ ಮನಸ್ಸು ಬಂದ ತಿಂಗಳು ಬೇಳೆ, ಬಾರದ ತಿಂಗಳು ಇಲ್ಲ ಎಂಬಂತಿದ್ದರೆ ಅದು ಚಿಕಿತ್ಸೆಯಾಗದು. ಗುಳಿಗೆಯನ್ನು ನಾವು ದಾನಿಗಳ ಮೇಲೆ ಬಿಟ್ಟಿಲ್ಲವಲ್ಲ? ಶೇ 39ರಷ್ಟು ರೋಗ ತಡೆಯುವ ಪಡಿಯನ್ನು ಏಕೆ ಬಿಡಬೇಕು?

ಮನೆ ಬಾಗಿಲಿಗೆ ಗುಳಿಗೆ ನುಂಗಿಸಲು ಹೋಗುವ ಆಶಾ ಕಾರ್ಯಕರ್ತೆಯನ್ನೂ ಆರೈಕೆ ಮಾಡುವವರ ಸಾಲಿನಲ್ಲೇ ಎಣಿಸಬೇಕು. ಅನೇಕ ರೋಗಿಗಳಿಗೆ, ಮನೆಯವರು ಮುಖ ತಿರುಗಿಸಿದ ಹೊತ್ತಿನಲ್ಲಿ ಉಳಿಯುವ ಒಂದೇ ಸಂಬಂಧ ಅವಳು. ಆ ಸಂಬಂಧಕ್ಕೆ ಕೊಡುವ ಗೌರವಧನ ಹೆಚ್ಚಿಸಿರೆಂದು 2025ರ ಜನವರಿಯ ಚಳಿಯಲ್ಲಿ ಸಾವಿರಾರು ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲು-ರಾತ್ರಿ ಕೂರಬೇಕಾಯಿತು. ಅವರ ಬೇಡಿಕೆಯನ್ನು ಸಂಬಳದ ಜಗಳವೆಂದು ಓದಿದವರು, ಅದು ಊರಿನ ರೋಗನಿರೋಧಕ ಶಕ್ತಿಯ ಪ್ರಶ್ನೆಯೂ ಹೌದೆಂದು ಓದಲಿಲ್ಲ.

ಇದಕ್ಕೆ ಎದುರಾಗಿ, ಆರೋಗ್ಯ ಇಲಾಖೆಯ ಹೆಸರೇ ಇಲ್ಲದ ಒಂದು ಯೋಜನೆ ಆಸರೆಯ ಕೆಲಸ ಮಾಡುತ್ತಿರುವಂತೆ ನನಗೆ ಕಾಣುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕಮಲಾಪುರದ ಹೆಂಗಸರು ಆಧಾರ್ ಕಾರ್ಡ್ ತೋರಿಸಿ ಸರಕಾರಿ ಬಸ್ಸಿನಲ್ಲಿ ಪುಕ್ಕಟೆಯಾಗಿ ಕಲಬುರಗಿ ಆಸ್ಪತ್ರೆಗೆ ಬಂದು ಹೋಗುತ್ತಾರೆ. ಇದರಿಂದ ಆದ ಬದಲಾವಣೆ ಸಣ್ಣದಲ್ಲ. ಮೊದಲು ರೋಗಿಯ ಜೊತೆ ಒಬ್ಬಳೇ ವಾರಗಟ್ಟಲೆ ನಿಲ್ಲಬೇಕಿತ್ತು. ಈಗ ಅಕ್ಕ ಇವತ್ತು, ತಂಗಿ ನಾಳೆ, ತವರಿನಿಂದ ಅವ್ವ ನಾಡಿದ್ದು ಎಂದು ಪಾಳಿ ಹಚ್ಚಿಕೊಳ್ಳಬಹುದು. ಇದರಿಂದ ಎಷ್ಟು ಮಂದಿಯ ಮೈ ಉಳಿಯಿತು ಎಂದು ಅಳೆಯುವ ಕೆಲಸಕ್ಕೆ ನಮ್ಮ ವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳು ಕೈಹಾಕಬಹುದು. ವಿಷಯಕ್ಕಾಗಿ ಅವರು ಪಿಟ್ಸ್‌ಬರ್ಗ್‌ವರೆಗೆ ಹೋಗಬೇಕಿಲ್ಲ.

ಆಸ್ಪತ್ರೆಗಳಿಂದಲೂ ಕೇಳಬೇಕಾದದ್ದು ದೊಡ್ಡದೇನಲ್ಲ. ಚೀಟಿ ಬರೆಯುವಾಗ ಎರಡು ಪ್ರಶ್ನೆ ಸೇರಿಸಿದರೆ ಸಾಕು. ಮನೆಯಲ್ಲಿ ನಿಮ್ಮನ್ನು ನೋಡಿಕೊಳ್ಳುವವರು ಯಾರು? ಅವರಿಗೆ ಕೈ ಬದಲಿಸುವವರು ಇದ್ದಾರೆಯೇ? ಎರಡನೆಯದಕ್ಕೆ ‘ಇಲ್ಲ’ ಎಂದು ಬಂದರೆ ಆ ಮನೆಯತ್ತ ಆಶಾ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘ, ಪಂಚಾಯತಿ ತಿರುಗಿ ನೋಡಬೇಕು. ರೋಗಿಯ ಜೊತೆಗಿರುವವರಿಗೆ ಮಲಗಲೊಂದು ಜಾಗ, ರೋಗಿಯ ಊಟದ ಜೊತೆಗೇ ಒಂದು ತಾಟು ಹೆಚ್ಚು ಊಟ ಸಿಗಬೇಕು. ಶರಣಬಸವೇಶ್ವರರ ದಾಸೋಹ, ಬಂದೇನವಾಜರ ದರ್ಗಾದ ಲಂಗರು ಇರುವ ಊರಿಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಹಸಿದು ಬಂದವರನ್ನು ಹೆಸರು ಕೇಳದೆ ಕೂಡಿಸುವ ಪಂಕ್ತಿಯನ್ನು ಆಸ್ಪತ್ರೆಯ ಕಾರಿಡಾರಿನವರೆಗೆ ಉದ್ದ ಮಾಡಬೇಕಷ್ಟೆ.

ಹಣ ಎಲ್ಲಿಂದ ಎಂಬ ಪ್ರಶ್ನೆ ಬರುತ್ತದೆ. ಮನೆಯೊಳಗೆ ಇನ್ನೊಬ್ಬರಿಗೆ ಟಿ.ಬಿ. ಬಂದರೆ ಮತ್ತೆ ಆರು ತಿಂಗಳ ಔಷಧ, ಮತ್ತೆ ನಿಂತ ದುಡಿಮೆ, ಮತ್ತೆ ಶಾಲೆ ಬಿಟ್ಟ ಮಗು. ಔಷಧಕ್ಕೆ ಬಗ್ಗದ ಟಿ.ಬಿ. ಆದರಂತೂ ಖರ್ಚು ಹಲವು ಪಟ್ಟು. ಅದರ ಮುಂದೆ ತಲೆಗೆ ಒಂದೂವರೆ ಕಿಲೋ ಬೇಳೆ ಯಾವ ಲೆಕ್ಕ? ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ನಾಡಿಗೆಲ್ಲ ಬೇಳೆ ಕಳಿಸುವ ಜಿಲ್ಲೆ ಇದು. ಟಿ.ಬಿ. ಇರುವ ತನ್ನ ಮನೆಗಳ ಪ್ರತಿ ತಾಟಿಗೂ, ಮುಖ್ಯವಾಗಿ ಕೊನೆಗೆ ಉಣ್ಣುವವಳ ತಾಟಿಗೂ, ಆ ಬೇಳೆ ಬೀಳುವಂತೆ ಮಾಡುವುದು ಜಿಲ್ಲಾಡಳಿತದಿಂದ ಆಗುವ ಕೆಲಸ. ಈ ವರ್ಷವೇ ಶುರು ಮಾಡಬಹುದು.